ಮಸೂರಕ್ಕೆ ಹಚ್ಚಿದ ಅರಿಸಿನ

ನಮ್ಮ ಮೇಷ್ಟ್ರ ಬಲಗಣ್ಣಿನ ಸುತ್ತ ಕೆಂಪಗೆ ಒಂದು ಬಳೆ ಮೂಡಿರುತ್ತಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಒತ್ತಿ ಬಿದ್ದ ಗುರುತು ಅದು. ಮದ್ದೂರಿನಿಂದ ಬರುವ ಬಸ್ಸಿನಲ್ಲಿ ಜನ ಅದನ್ನು ಕಂಡು, ಹೆಂಡತಿ ಗುದ್ದಿರಬೇಕು ಎಂದು ನಗುತ್ತಿದ್ದರು. ನಗಲಿ. ನನ್ನ ಸಿಟ್ಟು ಬಸ್ಸಿನವರ ಮೇಲಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಬಿಎಸ್ಸಿ ಮುಗಿಸಿ, ಓದಿದ ಕಾಲೇಜಿನಲ್ಲೇ ಪ್ರಯೋಗಶಾಲೆಯ ಸಹಾಯಕಿಯಾಗಿದ್ದೆ. ಮೇಷ್ಟ್ರು ಮಳವಳ್ಳಿ ಕಡೆಯ ಒಕ್ಕಲು ಮನೆಯವರು, ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಕಾಲೇಜಿನ ಹಳೆಯ ಸೂಕ್ಷ್ಮದರ್ಶಕಕ್ಕೆ ಪಾದರಸದ ದೀಪ, ಬಣ್ಣದ ಗಾಜು, ಬೆಳಕು ಅಳೆಯುವ ಮುಳ್ಳಿನ ಪೆಟ್ಟಿಗೆ ಎಲ್ಲವನ್ನೂ ತಾವೇ ಜೋಡಿಸಿದ್ದರು. ಗದ್ದೆಯ ಕಪ್ಪೆಯ ರಕ್ತಕಣ ತೆಗೆದುಕೊಂಡು ಅದರ ಪೊರೆಗೆ ನೀಲಿ ಬೆಳಕಿನಲ್ಲಿ ಹೊಳೆಯುವ ಬಣ್ಣ ಹಿಡಿಸುವರು. ಒಂದು ಚುಕ್ಕೆಯಷ್ಟು ಜಾಗಕ್ಕೆ ಜೋರು ಬೆಳಕು ಬಿಟ್ಟು ಅಲ್ಲಿನ ಹೊಳಪನ್ನು ಸುಟ್ಟುಬಿಡುವರು. ಆಮೇಲೆ ಬೆಳಕು ತಗ್ಗಿಸಿ ಕಾಯುವುದು. ಸುತ್ತಲಿನ ಹೊಳೆಯುವ ಅಣುಗಳು ಸರಿದು ಬಂದು ಆ ಕತ್ತಲ ಚುಕ್ಕೆಯನ್ನು ತುಂಬುತ್ತವೆ. ಎಷ್ಟು ಬೇಗ ತುಂಬಿತು ಎಂದು ಅಳೆದರೆ ಅಣುಗಳು ಪೊರೆಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತವೆಂದು ತಿಳಿಯುತ್ತದೆ. ಅವರು ಚುಕ್ಕೆ ನೋಡುತ್ತಿದ್ದರು, ನಾನು ಗಡಿಯಾರ ಹಿಡಿದು ಮುಳ್ಳು ಓದುತ್ತಿದ್ದೆ.

"ಪೊರೆ ಅಂದ್ರೆ ಗೋಡೆ ಅಲ್ಲ ಕಣಮ್ಮ, ಎಣ್ಣೆ ಇದ್ದಂಗೆ. ಅದ್ರಾಗಿರೋವೆಲ್ಲ ಓಡಾಡ್ತಾನೇ ಇರ್ತವೆ. ಗೋಡೆ ನೋಡ್ಬೇಕಾದ್ರೆ ನಮ್ಮ ಕಾಲೇಜು ಕಮಿಟಿಯೋರ ತಾವ ಓಗು" ಎನ್ನುತ್ತಿದ್ದರು.

ಮಹಾ ಸಿಡುಕರು. ರಸ್ತೆಯಲ್ಲಿ ಕಬ್ಬಿನ ಲಾರಿ ಹೋಗಿ ಮುಳ್ಳು ನಡುಗಿದರೆ ಲಾರಿಯವನ ವಂಶಕ್ಕೆಲ್ಲ ಬೈಗುಳ. ನನಗೂ ಬೀಳುತ್ತಿತ್ತು: "ಕಂಡದ್ದ ಯೋಳು. ನಂಗೆ ಬೇಕಾದ್ದ ಯೋಳ್ಬ್ಯಾಡ." ಕತ್ತಲ ಕೋಣೆಯಲ್ಲಿ ಹುಡುಗಿಗೇನು ಕೆಲಸ ಎಂದು ಆ ಕಮಿಟಿಯ ಸೆಕ್ರೆಟರಿ ಕೊಂಕು ತೆಗೆದಾಗ, "ಅವಳ ಕೈಲಿ ಗಡಿಯಾರ ಅದೆ. ನಿಮ್ಮ ಕೈಲಿ ಏನದೆ?" ಎಂದು ಎಲ್ಲರೆದುರಿಗೇ ಕೇಳಿದ್ದರು. ಆವತ್ತೇ ನಾನು ಈ ಕೆಲಸ ಬಿಡುವುದಿಲ್ಲ ಎಂದುಕೊಂಡೆ.

ಅವರಿಗೆ ಡಾಕ್ಟರೇಟ್ ಸಿಗಲು ಒಂದೇ ಹೆಜ್ಜೆ ಉಳಿದಿತ್ತು. ಹಳ್ಳಿ ಕಾಲೇಜಿನಲ್ಲಿ ಇಂಥ ಅಳತೆ ಸಾಧ್ಯವೆಂದು ಬೆಂಗಳೂರಿನ ಪರೀಕ್ಷಕರು ನಂಬಿರಲಿಲ್ಲ. ಕಣ್ಣಾರೆ ನೋಡಬೇಕು, ವಿಜಯದಶಮಿಯ ಮಾರನೆಯ ದಿನ ಬರುತ್ತೇನೆ ಎಂದಿದ್ದರು. ಮೇಷ್ಟ್ರು ಎಲ್ಲ ಹೊಂದಿಸಿ, ಕೋಣೆಗೆ ಬೀಗ ಹಾಕಿ ಹಬ್ಬಕ್ಕೆ ಊರಿಗೆ ಹೋದರು. ಇನ್ನೊಂದು ಕೀಲಿ ಆಫೀಸಿನಲ್ಲಿತ್ತು.

ಆಯುಧಪೂಜೆಯ ದಿನ ಸೆಕ್ರೆಟರಿ ಆ ಕೀಲಿ ತರಿಸಿದರು. ಜೀಪು, ಟೈಪ್‌ರೈಟರು, ಗಂಟೆ ಎಲ್ಲಕ್ಕೂ ಆದ ಮೇಲೆ ಸೂಕ್ಷ್ಮದರ್ಶಕದ ಸರದಿ. ಇದಕ್ಕೆ ಮುಖ ಯಾವುದು ಎಂದು ಕೇಳಿದರಂತೆ. ಯಾರೋ ಕೆಳಗಿನ ಮಸೂರ ತೋರಿಸಿದರು. ಸೆಕ್ರೆಟರಿ ತಮ್ಮ ಕೈಯಿಂದಲೇ ಅಲ್ಲಿಗೆ ಎಣ್ಣೆಯಲ್ಲಿ ಕಲಸಿದ ಅರಿಸಿನ ಬಳಿದರು.

ಅರಿಸಿನ ನೀಲಿ ಬೆಳಕಿನಲ್ಲಿ ತಾನೇ ಹೊಳೆಯುತ್ತದೆ. ಪರೀಕ್ಷಕರ ಕಾರು ಬರುವವರೆಗೂ ಮೇಷ್ಟ್ರೂ ನಾನೂ ಸ್ಪಿರಿಟ್ಟಿನಲ್ಲಿ ಒರೆಸಿದೆವು. ಸಂದಿಗೆ ಇಳಿದದ್ದು ಬರಲಿಲ್ಲ. ಪರೀಕ್ಷಕರು ಬಗ್ಗಿ ನೋಡಿ, "ಎಲ್ಲಾ ಹಳದಿ ಮಬ್ಬಾಗಿದೆಯಲ್ರೀ, ಇದರಲ್ಲಿ ಚುಕ್ಕೆ ಎಲ್ಲಿ?" ಎಂದರು. ಮೇಷ್ಟ್ರು ಆದದ್ದನ್ನು ಹೇಳಿದರು. ಬಾಗಿಲಲ್ಲಿ ನಿಂತಿದ್ದ ಸೆಕ್ರೆಟರಿ, "ಒಳ್ಳೇದಾಗ್ಲಿ ಅಂತ ಪೂಜೆ ಮಾಡುದ್ರೆ ತಪ್ಪಾ?" ಎಂದರು. ಪರೀಕ್ಷಕರು ನಕ್ಕು, ಸೆಕ್ರೆಟರಿಯ ಮನೆಯಲ್ಲಿ ಊಟ ಮುಗಿಸಿ ಹೊರಟುಹೋದರು.

ಲಾರಿಗಳಿಗೆ ಬೈಯುತ್ತಿದ್ದವರು ಆ ದಿನ ಬಟ್ಟೆ ಹಿಡಿದು ಮತ್ತೆ ಮಸೂರ ಒರೆಸಲು ಕೂತರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆ ಸಾರ್ ಬೈಲಿಲ್ಲ ಎಂದು ಕೇಳಿಯೇಬಿಟ್ಟೆ.

"ಬೈದ್ರೆ ಅರಿಸಿನ ಓಯ್ತದಾ? ಸ್ಪಿರಿಟ್ ತತ್ತಾ."

ಮಸೂರ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದರು. ದೀಪಾವಳಿಯ ಹೊತ್ತಿಗೆ ಚುಕ್ಕೆ ಕಪ್ಪಾಗಿ, ಮತ್ತೆ ಮೆಲ್ಲಗೆ ಹೊಳಪು ತುಂಬಿಕೊಳ್ಳುವುದನ್ನು ಇಬ್ಬರೂ ನೋಡಿದೆವು. ಅಳತೆ ಮೊದಲಿನಷ್ಟೇ ಬಂತು. ಪರೀಕ್ಷಕರಿಗೆ ಮತ್ತೆ ಮತ್ತೆ ಬರೆದರು. ಯಾರೂ ಬರಲಿಲ್ಲ. ಮರುವರ್ಷ ಪಾಠ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರು. ಮಂಡ್ಯದ ಆಸ್ಪತ್ರೆ ಮುಟ್ಟಲಿಲ್ಲ.

ಸಂತಾಪ ಸಭೆಯಲ್ಲಿ ಸೆಕ್ರೆಟರಿ ಅವರನ್ನು ಮಹಾವಿಜ್ಞಾನಿ ಎಂದು ಹೊಗಳಿದರು. ಫೋಟೋದ ಪಕ್ಕದಲ್ಲಿ ಸೂಕ್ಷ್ಮದರ್ಶಕ ಇಟ್ಟಿದ್ದರು, ಅದೇ ಮಸೂರಕ್ಕೆ ಅರಿಸಿನ ಹಚ್ಚಿ. ನಾನು ಎದ್ದುಹೋಗಿ ಸೆರಗಿನಿಂದ ಒರೆಸತೊಡಗಿದೆ.

"ಯಾಕಮ್ಮ ಅಳಿಸ್ತಿದ್ದೀಯಾ? ಅಪಸಕುನ ಕಣಮ್ಮ" ಎಂದರು ಸೆಕ್ರೆಟರಿ.

"ಇದಿದ್ರೆ ಮೇಷ್ಟ್ರಿಗೆ ಕಾಣಾಕಿಲ್ಲ ಸಾರ್" ಎಂದೆ.

ಆಮೇಲೆ ಎಂಎಸ್ಸಿ ಮಾಡಿಕೊಂಡು, ಈಗ ಅವರ ಜಾಗದಲ್ಲಿ ನಾನು ಪಾಠ ಮಾಡುತ್ತೇನೆ. ನೋಡಲು, ಕಂಡದ್ದನ್ನಷ್ಟೇ ಹೇಳಲು ಕಲಿಸಿದವರು ಅವರು. ಸೆಕ್ರೆಟರಿಯ ಮಗನೇ ಇವತ್ತು ಸೆಕ್ರೆಟರಿ. ಪ್ರತಿ ಆಯುಧಪೂಜೆಗೂ ಅರಿಸಿನದ ತಟ್ಟೆ ಹಿಡಿದು ಆ ಕೋಣೆಯ ಮುಂದೆ ಬಂದು ನಿಲ್ಲುತ್ತಾನೆ. ಬಾಗಿಲಿಗೆ ಹಚ್ಚಿ ಹೋಗಪ್ಪ ಎನ್ನುತ್ತೇನೆ. ಎರಡು ಕೀಲಿಯೂ ನನ್ನ ಸೆರಗಿನ ಗಂಟಿನಲ್ಲಿರುತ್ತವೆ.