ಕೊನೇಸ್ಟಾಪಕ್ಕನ ಹತ್ತು ನಿಮಿಷ

ಊರು ಸತ್ತ ಸುದ್ದಿಯನ್ನು ಊರಿನವರಿಗೆ ಹಾರ ತುರಾಯಿ ಸಮೇತ ತಿಳಿಸಲಾಯಿತು. ವೇದಿಕೆ ಹತ್ತಿದ ಮೆಂಬರು "ಇವತ್ತಿನಿಂದ ನೀವೂ ರಾಜಧಾನಿಯವರು" ಎಂದಾಗ ಜನ ಕೈ ಕೆಂಪಗಾಗುವಷ್ಟು ಚಪ್ಪಾಳೆ ತಟ್ಟಿದರು. ಪುರಸಭೆಯ ಬೋರ್ಡು ಇಳಿಯಿತು, ವಾರ್ಡ್ ಆಫೀಸಿನ ಬೋರ್ಡು ಏರಿತು. ಕಂದಾಯ ರಾತ್ರೋರಾತ್ರಿ ರಾಜಧಾನಿಯದಾಯಿತು. ನಲ್ಲಿ ಮಾತ್ರ ಹಳೇ ಊರಿನದೇ, ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ತೆರಿಗೆ ಓಡಿ ಬರುವುದು, ನೀರು ತೆವಳಿ ಬರುವುದು, ಇದಕ್ಕೇ ನಮ್ಮವರು ಅಭಿವೃದ್ಧಿ ಅನ್ನುವುದು.

ಅಂದು ಚಪ್ಪಾಳೆ ತಟ್ಟದಿದ್ದವಳು ಬಸ್ ಸ್ಟಾಪಿನ ಟೀ ಅಂಗಡಿಯವಳೊಬ್ಬಳೇ. ತತ್ವಕ್ಕಾಗಿ ಅಲ್ಲ, ಎರಡೂ ಕೈಯಲ್ಲಿ ಲೋಟಗಳಿದ್ದವು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕೊನೇಸ್ಟಾಪಕ್ಕ ಅಂತ. ರಾಜಧಾನಿಯಿಂದ ಹೊರಟ ಬಸ್ಸಿಗೆ ಈ ಊರೇ ಕೊನೆ. ಬಸ್ಸು ಬಂದು, ಮೂತಿ ತಿರುಗಿಸಿ, ಹತ್ತು ನಿಮಿಷ ದಣಿವಾರಿಸಿಕೊಳ್ಳುತ್ತಿತ್ತು. ಅಕ್ಕನ ಬದುಕು ಕುದಿಯುತ್ತಿದ್ದುದು ಆ ಹತ್ತು ನಿಮಿಷದಲ್ಲೇ. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು, ಸೋರುವ ಸೂರಿಗೆ ಶೀಟು ಹೊದಿಸಿದ್ದು, ಎಲ್ಲ ಅದರ ಪುಣ್ಯ. ಹಾಲಿನ ವಿಷಯದಲ್ಲಿ ಅವಳದೊಂದು ನಿಯತ್ತಿತ್ತು. "ನಾನು ಸುಳ್ಳು ಹೇಳೋಳಲ್ಲಪ್ಪಾ. ಇದರಲ್ಲಿ ನೀರಿದೆ. ಹುಡುಕಿದ್ರೆ ಹಾಲೂ ಇದೆ."

ಊರು ನಗರಕ್ಕೆ ಸೇರಿದ್ದೇ ತಡ, ಬಸ್ಸು ಮುಂದಿನ ಹೊಸ ಬಡಾವಣೆಯವರೆಗೂ ಓಡತೊಡಗಿತು. ಅಕ್ಕನ ಅಂಗಡಿ ಮುಂದೆ ಸೀನಿದಷ್ಟು ಹೊತ್ತು ನಿಂತು ಪರಾರಿ.

ಮೊದಮೊದಲು ಊರಿನವರ ಕಾಲುಗಳೇ ಅವಳನ್ನು ಕಾಪಾಡಿದವು. ಮನೆ ಮಾರಿ ಬಡಾವಣೆ ಸೇರಿದ್ದವರೂ ಇಲ್ಲಿಗೆ ಬಂದೊಡನೆ ಎದ್ದು, ಚೀಲ ಎತ್ತಿಕೊಂಡು, ಇಳಿದೇಬಿಡುತ್ತಿದ್ದರು. ಹೋಗುವ ಬಸ್ಸಿನ ಬೆನ್ನು ನೋಡಿದ ಮೇಲೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಮುಂದಿನ ಬಸ್ಸು ಅರ್ಧ ಗಂಟೆಗೆ. ಟೀ ಕುಡಿಯದೆ ಇನ್ನೇನು ಮಾಡಿಯಾರು?

"ಏನ್ ಮೇಷ್ಟ್ರೇ, ಇವತ್ತೂ ಇಳಿದ್ರಾ? ಮನೆ ಮಾರಿದ್ದು ಮರೆತೋಯ್ತಾ?" ಎಂದು ಅಕ್ಕ ಕೆಣಕಿದರೆ ನಿವೃತ್ತ ಮೇಷ್ಟ್ರು ಬೆಂಚಿನ ಮೇಲೆ ಕುಸಿದು ಹೇಳುತ್ತಿದ್ದರು, "ನಾನು ಮರೆತಿಲ್ಲಮ್ಮಾ, ಮಂಡಿ ಮರೆತಿದೆ. ಅದಕ್ಕಿನ್ನೂ ಕ್ರಯಪತ್ರ ತೋರಿಸಿಲ್ಲ."

ಆದರೆ ಮಂಡಿಗೂ ಬುದ್ಧಿ ಬರುತ್ತದೆ. ಬೆಂಚು ಖಾಲಿಯಾಯಿತು. ಅಕ್ಕ ತನ್ನ ಟೀ ತಾನೇ ಕುಡಿದು, ಗಿರಾಕಿಗಳು ಇಷ್ಟು ದಿನ ಏನು ಸಹಿಸಿಕೊಂಡಿದ್ದರೆಂದು ಅರಿತಳು.

ಆಗ ನೆರವಿಗೆ ಬಂದವನು ಅವಳ ಮೈದುನ. ಅದೇ ಬಸ್ಸಿನ ಕಂಡಕ್ಟರು. "ಅತ್ತಿಗೆ, ಯೋಚನೆ ಬಿಡಿ. ನನ್ನ ಬಾಯಿ ಇರೋದು ಯಾತಕ್ಕೆ?" ಎಂದವನು ಮುಂದಿನ ಟ್ರಿಪ್ಪಿನಲ್ಲಿ ಆ ಬಾಯಿ ತೆರೆದ. "ಕೊನೇ ಸ್ಟಾಪ್! ಎಲ್ಲಾ ಇಳೀರಿ, ಇಳೀರಿ!" ಜಾಗ ಗೊತ್ತಿಲ್ಲದ ರಾಜಧಾನಿಯವರು ಕುರಿಮಂದೆಯಂತೆ ಇಳಿದರು. ಖಾಲಿ ಬಸ್ಸು ಕುಣಿಯುತ್ತಾ ಹೋಯಿತು. ಜಗಳಕ್ಕೆ ಬಂದವರಿಗೆ ಅವನ ಉತ್ತರ ತಯಾರಿತ್ತು. "ಇಪ್ಪತ್ತು ವರ್ಷದ ಅಭ್ಯಾಸ ಸಾರ್, ನಾಲಿಗೆ ತನ್ನಷ್ಟಕ್ಕೇ ಕೂಗಿಬಿಡುತ್ತೆ."

ಅಕ್ಕನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ರಾಜಧಾನಿ ನನ್ನ ಹತ್ತು ನಿಮಿಷ ಕದ್ದಿದೆ, ನಾನು ಅದರ ಅರ್ಧ ಗಂಟೆ ಕದ್ದರೆ ತಪ್ಪೇನು ಎಂದು ಒಲೆಯ ಮುಂದೆ ವಾದ ಮಾಡಿ, ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಆದರೆ ಊರನ್ನು ನುಂಗಿದವರು ಬಸ್ಸಿನಲ್ಲಿ ಓಡಾಡುವುದಿಲ್ಲ. ಅವರಿಗೆ ಕಾರಿದೆ.

ಒಂದು ಬೆಳಿಗ್ಗೆ ಹಾಗೆ ಇಳಿದವರಲ್ಲಿ ಒಬ್ಬ ಟೀ ಬೇಡವೆಂದ. ಕಂಕುಳಲ್ಲಿ ಒಂದು ಕಂಬಳಿ.

"ಇಲ್ಲಿ ದೊಡ್ಡಾಸ್ಪತ್ರೆ ಎಲ್ಲಿ ಬರುತ್ತಮ್ಮಾ?"

"ಅದು ಇನ್ನೂ ಮುಂದೆ, ಬಡಾವಣೇಲಿ. ಯಾರಿಗೇನಾಗಿದೆ?"

"ಅಮ್ಮನಿಗೆ ಆಪರೇಷನ್ನು. ನನ್ನ ಮುಖ ನೋಡದೆ ಒಳಗೆ ಹೋಗಲ್ಲ ಅಂತ ಹಟ ಹಿಡಿದು ಕೂತಿದಾಳಂತೆ. ಕಂಡಕ್ಟರು ನೋಡಿದ್ರೆ ಇದೇ ಕೊನೇದು ಅಂದುಬಿಟ್ಟ."

ಅಕ್ಕ ಸೌಟು ಬಿಸಾಕಿ ರಸ್ತೆ ಮಧ್ಯೆ ಹೋಗಿ ನಿಂತಳು. ತರಕಾರಿ ಆಟೋದವನು ಕಿರ್ರೆಂದು ಬ್ರೇಕು ಒತ್ತಿ, "ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ಅಕ್ಕಾ?" ಎಂದು ಬೈದ. "ಆಮೇಲೆ ಬೈಯೋ, ಈಗ ಇವರನ್ನ ಆಸ್ಪತ್ರೆಗೆ ಹಾಕು" ಎಂದು ಆ ಮನುಷ್ಯನನ್ನು ಕೋಸಿನ ಮೂಟೆಗಳ ಮೇಲೆ ಹತ್ತಿಸಿದಳು. ಮುದುಕಿ ಮಗನ ಮುಖ ನೋಡಿಯೇ ಒಳಗೆ ಹೋದಳೆಂದು ಆಟೋದವನು ವಾಪಸ್ಸು ಬಂದು ಹೇಳುವಷ್ಟರಲ್ಲಿ ಅಕ್ಕನ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಕರಕಲಾಗಿತ್ತು.

ಮೈದುನನ ಬಸ್ಸು ಮತ್ತೆ ಬಂತು. ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಫುಟ್‌ಬೋರ್ಡ್ ಹತ್ತಿ ಕೂಗಿದಳು, "ಯಾರೂ ಇಳೀಬೇಡಿ! ಇದು ಕೊನೇ ಸ್ಟಾಪಲ್ಲ!"

ಅರ್ಧ ಎದ್ದಿದ್ದ ಬಸ್ಸು ಮತ್ತೆ ಕೂತಿತು.

"ಅತ್ತಿಗೆ, ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೋತಿದೀರಲ್ಲಾ!"

"ಹೊಟ್ಟೆ ನಂದು, ಹೊಡ್ಕೋತೀನಿ. ಅವರ ತಾಯಿ ಜೀವ ನಂದಲ್ಲ. ಇನ್ನೊಂದ್ಸಲ ಕೂಗಿದ್ರೆ ನಿನ್ನ ಆ ಸೀಟಿ ನಿನಗೇ ನುಂಗಿಸ್ತೀನಿ, ನೋಡ್ತಿರು."

ಆಮೇಲೆ ನೊಣಗಳೂ ಬಾರದ ಒಂದು ವಾರ ಕಳೆಯಿತು. ಎಂಟನೇ ದಿನ ಅಕ್ಕ ಸ್ಟೌವು, ಪಾತ್ರೆ, ಲೋಟಗಳನ್ನು ಗೋಣಿಚೀಲಕ್ಕೆ ತುಂಬಿ ಅದೇ ಬಸ್ಸು ಹತ್ತಿದಳು. ಮೈದುನ ಕೈ ಚಾಚಿ ಚೀಲವನ್ನು ಮೇಲೆತ್ತಿಕೊಂಡ.

ಬಡಾವಣೆಯ ತುದಿಯಲ್ಲಿ ಬಸ್ಸು ಮೂತಿ ತಿರುಗಿಸಿ ನಿಂತಿತು. ಸುತ್ತ ಸಿಮೆಂಟು, ಒಂದು ಮರವಿಲ್ಲ. ಡ್ರೈವರು ಬಸ್ಸಿನದೇ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ಬೀದಿ ನಲ್ಲಿಯ ಬಿಸಿ ನೀರು ಕುಡಿಯುತ್ತಿದ್ದ. ಅಕ್ಕ ಪಕ್ಕದಲ್ಲೇ ಸ್ಟೌವು ಹಚ್ಚಿದಳು. ಹಾಲು ಕಾಯುವ ಮೊದಲೇ ವಾರ್ಡ್ ಆಫೀಸಿನವನೊಬ್ಬ ಲಾಠಿ ಬೀಸುತ್ತಾ ಬಂದ.

"ಏಯ್, ಎತ್ತು, ಎತ್ತು! ಇಲ್ಲೆಲ್ಲ ಅಂಗಡಿ ಇಡೋ ಹಾಗಿಲ್ಲ. ಇದೇನು ಹಳ್ಳಿ ಅಂದ್ಕೊಂಡ್ಯಾ? ರಾಜಧಾನಿ!"

"ಹೌದಾ ಸಾರ್? ರಾಜಧಾನಿಯೋರು ಟೀ ಕುಡಿಯಲ್ವಾ?"

ಅವನು ಉರಿಯುವ ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಲಾಠಿಯನ್ನು ಬಸ್ಸಿನ ಚಕ್ರಕ್ಕೆ ಒರಗಿಸಿದ.

"ಸಕ್ಕರೆ ಸ್ವಲ್ಪ ಕಮ್ಮಿ ಹಾಕು."