ಕಾಲು ಬದಲಿಸುತ್ತಿದ್ದ ನೋವು

ಯಶೋದಕ್ಕನ ಕಾಲುನೋವು ಒಂದೇ ಕಾಲಿನಲ್ಲಿ ಇರುತ್ತಿರಲಿಲ್ಲ. ಸೋಮವಾರ ಎಡ ಹಿಮ್ಮಡಿಯಲ್ಲಿದ್ದದ್ದು ಬುಧವಾರ ಬಲ ಮೀನಖಂಡಕ್ಕೆ ಬಂದಿರುತ್ತಿತ್ತು. ನಾನು ಇದನ್ನು ಎತ್ತಿ ತೋರಿಸಿದಾಗ ಅವರು ಸ್ವಲ್ಪವೂ ಅಳುಕಲಿಲ್ಲ. "ಬಾಡಿಗೆಗಿರೋರು ಒಂದೇ ಮನೇಲಿ ಇರ್ತಾರೇನಮ್ಮೀ? ನೋವೂ ಹಂಗೇ. ಖಾಲಿ ಇರೋ ಕಡೆ ಹೋಗ್ತದೆ" ಎಂದು ನಕ್ಕರು.

ಅವರು ಗೌನಿಪಲ್ಲಿ ಕಡೆಯವರು. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕೋಲಾರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಗಂಡ, ಮಗಳೊಂದಿಗೆ ಇದ್ದರು. ಬೆಳಿಗ್ಗೆ ಕಂಪನಿ ಬಸ್ಸು ಬರುವ ಮೊದಲು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಕೆರೆ ಏರಿಯ ಮೇಲೆ ಓಡುತ್ತಿದ್ದರು. ಯಾಕೆ ಎಂದರೆ, "ದಿನವೆಲ್ಲಾ ಲೈನಲ್ಲಿ ನಿಂತು ನಿಂತು ಕಾಲಿರೋದೇ ಮರ್ತೋಗ್ತದೆ. ಓಡಿದ್ರೆ ಗ್ಯಾಪಕ ಬರ್ತದೆ" ಎನ್ನುತ್ತಿದ್ದರು.

ನಾನೂ ಅದೇ ಏರಿಯ ಮೇಲೆ ಓಡುತ್ತಿದ್ದೆ. ನನ್ನ ಕಾರಣವನ್ನು ಮನೆಯಲ್ಲೂ ಹೇಳಿರಲಿಲ್ಲ. ಹಿಂದಿನ ವರ್ಷ ಊರಿನ ಹತ್ತು ಕಿಲೋಮೀಟರ್ ಓಟದಲ್ಲಿ ನಡುದಾರಿಯಲ್ಲೇ ಕುಸಿದು, ಯಾರದೋ ಸ್ಕೂಟರಿನ ಹಿಂದೆ ಕುಳಿತು, ಎಲ್ಲರ ಎದುರು ವಾಪಸಾಗಿದ್ದೆ. ಈ ಸಲ ನನ್ನ ಕಾಲ ಮೇಲೆಯೇ ಓಟ ಮುಗಿಯುವ ಗೆರೆ ದಾಟಬೇಕಿತ್ತು. ಆದರೆ ಬಲ ಮೊಣಕಾಲಿನ ಕೆಳಗೆ, ಮೂಳೆಯುದ್ದಕ್ಕೂ, ಅದೇ ನೋವು ಮತ್ತೆ ಶುರುವಾಗಿತ್ತು. ಐಸ್ ಇಡಿ ಎನ್ನುತ್ತಿತ್ತು ಮೊಬೈಲಿನ ವೀಡಿಯೊ. ಬಿಸಿನೀರು ಹಾಕು ಎನ್ನುತ್ತಿದ್ದಳು ಅಮ್ಮ. ನೋವಾದ ತಕ್ಷಣ ನಿಲ್ಲಿಸಿ, ಇಲ್ಲದಿದ್ದರೆ ಮೂಳೆ ಬಿರುಕು ಬಿಡುತ್ತದೆ ಎಂದಿದ್ದರು ಡಾಕ್ಟರು. ಎಷ್ಟಾದರೆ ಅದನ್ನು ನೋವು ಎನ್ನಬೇಕೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

"ಏನ್ ಮೇಡಂ, ಕಾದ ಬಂಡೆ ಮೇಲೆ ಕೋಳಿ ಹೋದಂಗೆ ಓಡ್ತೀರಾ?" ಇದು ಯಶೋದಕ್ಕ ನನ್ನೊಂದಿಗೆ ಆಡಿದ ಮೊದಲ ಮಾತು. "ಏನಿಲ್ಲ" ಎಂದೆ. ಆಮೇಲೆ ಅವರು ಏನು ಕೇಳಿದರೂ ನನ್ನ ಉತ್ತರ ಅದೇ ಆಗಿತ್ತು. ಕೆಲವೇ ದಿನಗಳಲ್ಲಿ ನಾನು ಮೇಡಂನಿಂದ ಅಮ್ಮೀ ಆದೆ.

ಜೊತೆಯಲ್ಲಿ ಓಡತೊಡಗಿದ ಮೇಲೆ ಒಂದು ವಿಷಯ ನನ್ನನ್ನು ಕಾಡತೊಡಗಿತು. ನನ್ನ ಮೂಳೆ ಉರಿಯತೊಡಗಿದಾಗಲೆಲ್ಲ ಅವರು ನಿಲ್ಲುತ್ತಿದ್ದರು. "ಅಬ್ಬಾ, ನನ್ ಕೈಲಾಗಲ್ಲ ತಾಯೀ, ಒಸಿ ನಿಂತ್ಕೋ." ಅವರಿಗೋಸ್ಕರ ಎಂಬಂತೆ ನಾನೂ ನಿಲ್ಲುತ್ತಿದ್ದೆ. ನನಗಾಗಿ ನಟಿಸುತ್ತಿದ್ದಾರೆಯೇ? ತಿಳಿಯಬೇಕೆಂದು, ನೋವು ಸ್ವಲ್ಪವೂ ಇಲ್ಲದ ಒಂದು ದಿನ ಹಗುರವಾಗಿ ಓಡಿದೆ. ಅವತ್ತೂ ಅವರು ಹಿಮ್ಮಡಿ ಹಿಡಿದು ಏರಿಯ ಮೇಲೆ ಕುಳಿತುಬಿಟ್ಟರು. ಹಾಗಾದರೆ ನಿಜವೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರ ಗಂಡನ ಫೋನು ಬಂತು. ಮನೆಯ ಬೀಗದ ಕೈ ಅವರ ಬಳಿಯೇ ಉಳಿದಿತ್ತು. ಎದ್ದವರೇ ಮನೆಯವರೆಗೂ ನನಗಿಂತ ಜೋರಾಗಿ ಓಡಿದರು.

ಅವರೂ ಓಟಕ್ಕೆ ಹೆಸರು ಕೊಟ್ಟಿದ್ದರು. ಆ ದಿನವೂ ಜೊತೆಯಲ್ಲೇ ಹೊರಟೆವು. ಅರ್ಧ ದಾಟಿದ ಮೇಲೆ ನನ್ನ ಮೂಳೆ ಪ್ರತಿ ಹೆಜ್ಜೆಗೂ ಚುಚ್ಚತೊಡಗಿತು. ಹಲ್ಲು ಕಚ್ಚಿ ಓಡುತ್ತಿದ್ದೆ. ಯಶೋದಕ್ಕ ರಸ್ತೆ ಬದಿಯಲ್ಲಿ ಕುಳಿತು ಬಲಗಾಲು ಹಿಡಿದುಕೊಂಡರು.

"ಅಮ್ಮೀ, ಕಾಲೋಯ್ತು. ನಿಂತ್ಕೋ."

"ಅಕ್ಕಾ, ಇವತ್ತು ಬೇಡ. ನಿಜ ಹೇಳಿ, ನಿಮಗೆ ನೋವಿದೆಯಾ?"

"ನಂದ್ ಬಿಡು. ನಿಂಗೆ?"

ಹಿಂದಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. "ಇದೆ" ಎಂದೆ. ನನಗೆ ಅಳು ಬಂದಿತ್ತು. "ಆದ್ರೆ ಸ್ಕೂಟರ್ ಹತ್ತಲ್ಲ."

"ಹತ್ತು ಅಂದ್ನಾ ನಾನು? ನಡಿ. ನಾವು ನಡ್ಕೊಂಡೋದ್ರೆ ಗೆರೆ ಏನ್ ಎದ್ದು ಓಡೋಗ್ತದಾ?"

ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆದೆವು. ಗೆರೆ ದಾಟುವಾಗ ಶಾಮಿಯಾನ ಬಿಚ್ಚುತ್ತಿದ್ದರು. ಯಾರ ಭಾರ ಯಾರ ಮೇಲಿತ್ತೋ, ಯೋಚಿಸಿದಷ್ಟೂ ಗೋಜಲಾಗುತ್ತದೆ.

ನನ್ನ ಮೂಳೆ ಬಿರುಕು ಬಿಟ್ಟಿರಲಿಲ್ಲ. "ಸರಿಯಾದ ಹೊತ್ತಿಗೆ ನಿಲ್ಲಿಸಿದಿರಿ" ಎಂದರು ಡಾಕ್ಟರು. ಈ ಸುದ್ದಿ ಹೇಳಲು ಹೋದರೆ ಯಶೋದಕ್ಕನ ಕಾಲಿಗೆ ದಪ್ಪ ಕಟ್ಟು. ಹಾಗಾದರೆ ಅವತ್ತಿನ ನೋವು ನಿಜ ಎಂದುಕೊಂಡೆ. ಮರುಕ್ಷಣವೇ ಕಂಡಿತು: ಕಟ್ಟಿದ್ದದ್ದು ಎಡಗಾಲಿಗೆ.

"ಅವತ್ತು ಹಿಡಿದುಕೊಂಡದ್ದು ಬಲಗಾಲಲ್ವಾ?"

"ಬಲಗಾಲು ಕಾಪಾಡಕ್ಕೋಗಿ ಭಾರವೆಲ್ಲಾ ಎಡಗಾಲಿಗೆ ಬಿತ್ತಮ್ಮೀ."

ಹಾಗೂ ಆಗುತ್ತದೆಂದು ನಾನು ಓದಿದ್ದೆ.

ಗಂಡನಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿ ಅವರು ಊರು ಬಿಟ್ಟಾಗ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಮುಂದಿನ ಓಟಕ್ಕೆ ಹೆಸರು ಕೊಟ್ಟಿದ್ದೇನೆ, ಓಡಲೋ ಬೇಡವೋ ಎಂದು ಕೇಳಿದೆ. "ನಿನ್ ಕಾಲು ನನ್ನತ್ರ ಮಾತಾಡ್ತದಾ? ಅದನ್ನೇ ಕೇಳು" ಎಂದು ಗದರಿ, ಚೀಲ ಎತ್ತಿಕೊಂಡು ಬಸ್ಸು ಹತ್ತಿದರು. ಕಿಟಕಿಯಿಂದ ಕೈಬೀಸಿದರು.

ಮರುದಿನ ಒಬ್ಬಳೇ ಓಡಲು ಹೋದೆ. ನಿಂತ್ಕೋ ಎನ್ನುವವರಿಲ್ಲದಿದ್ದರೂ ಏರಿಯ ನಡುವೆ ನಿಂತುಬಿಟ್ಟೆ. ಬಗ್ಗಿ ಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿದೆ, ಮೇಲಿನಿಂದ ಕೆಳಗಿನವರೆಗೆ. ನೋಯುತ್ತಿದೆಯೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.