ದೊರೆ ಮಂಚ ಮತ್ತು ಅಕ್ಕಯಮ್ಮ

ದೇವನಹಳ್ಳಿ ಪಕ್ಕದ ವಿಜಯಪುರದ ಅಕ್ಕಯಮ್ಮನಿಗೆ ಅರವತ್ತಾರು ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಮಂಡಿಯೂ ಗಟ್ಟಿಯಾಗಿದೆ. ಅವಳಿಗಿದ್ದ ಒಂದೇ ಕಾಯಿಲೆ ಹೊಟ್ಟೆಕಿಚ್ಚು. ಅದೂ ಊರವರ ಮೇಲೆಲ್ಲ ಅಲ್ಲ, ಓರಗಿತ್ತಿ ಪಾಪಕ್ಕ ಒಬ್ಬಳ ಮೇಲೆ. ಪಾಪಕ್ಕ ಮಲಗುತ್ತಿದ್ದ ಒಂದು ಮಂಚದ ಕಾರಣಕ್ಕೆ. ನಲವತ್ತು ವರ್ಷ ಈ ಕಾಯಿಲೆಯನ್ನು ಮದ್ದು ಮಾಡದೆ ಸಾಕಿಕೊಂಡು ಬಂದಿದ್ದಳು.

ಮಂಚವೂ ಸಾಮಾನ್ಯದ್ದಲ್ಲ ಬಿಡಿ. ಆಳೆತ್ತರದ ನಾಲ್ಕು ಕಂಬ, ಪ್ರತಿ ಕಂಬದ ತುದಿಗೂ ಕೆತ್ತಿದ ಅನಾನಸ್ ಹಣ್ಣು, ಮೇಲೆ ಪರದೆ ಇಳಿಬಿಡಲು ಚೌಕಟ್ಟು. ದೇವನಹಳ್ಳಿ ಕಡೆ ಬಂಗಲೆ ಕಟ್ಟಿಸಿಕೊಂಡಿದ್ದ ಒಬ್ಬ ಇಂಗ್ಲಿಷ್ ದೊರೆ ಅದನ್ನು ತನ್ನ ದೇಶದಿಂದ ಹಡಗಿನಲ್ಲಿ ತರಿಸಿದ್ದನಂತೆ. ದೊರೆ ಊರು ಬಿಟ್ಟಾಗ ಅದು ಒಬ್ಬ ಅಮಲ್ದಾರರ ಮನೆ ಸೇರಿತು. ಅಮಲ್ದಾರರು ಹೋದ ಮೇಲೆ ಅವರ ಮಗ ತಂಗಿಯ ಮದುವೆಗೆ ಸೀರೆ ನೇಯಿಸಲು ಅಕ್ಕಯಮ್ಮನ ಮಾವ ದೊಡ್ಡಮುನಿಯಪ್ಪನ ಹತ್ತಿರ ರೇಷ್ಮೆ ನೂಲು ತೆಗೆದುಕೊಂಡು, ಬದಲಿಗೆ ಮಂಚ ಕೊಟ್ಟ. ಮಾವ ಅದರ ಮೇಲೆ ಒಂದು ದಿನವೂ ಮಲಗಲಿಲ್ಲ. ಬಿದ್ದರೆ ಸೊಂಟ ಮುರಿಯುತ್ತದೆಂದು ಹೆದರಿ, ಮಳೆಗಾಲದಲ್ಲಿ ನೂಲಿನ ಲಡಿ ಆರಹಾಕಲು ಆ ಕಂಬಗಳನ್ನು ಬಳಸಿಕೊಂಡ. ಹೊಸ ಸೊಸೆಯಾಗಿ ಬಂದ ಅಕ್ಕಯಮ್ಮ ಹಳದಿ ಲಡಿಗಳು ಇಳಿಬಿದ್ದಿದ್ದ ಆ ಮಂಚವನ್ನು ಕಂಡ ಗಳಿಗೆಯಲ್ಲೇ ಇದು ನನಗೆ ಬೇಕು ಅಂದುಕೊಂಡಳು. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ.

ಮಾವ ತೀರಿಕೊಂಡ ಮೇಲೆ ಮನೆ ಭಾಗವಾಯಿತು. ಹಿರಿಯ ಮಗ ಪಾಲು ಮಾಡುವುದು, ಕಿರಿಯ ಮೊದಲು ಆರಿಸಿಕೊಳ್ಳುವುದು ಆ ಮನೆಯ ಪದ್ಧತಿ. ಹಿರಿಯವನಾದ ಹನುಮಂತರಾಯಪ್ಪ, ಅವನ ಹೆಂಡತಿ ಪಾಪಕ್ಕ ಸೇರಿ ಸಾಮಾನನ್ನೆಲ್ಲ ಎರಡು ಪಾಲು ಮಾಡಿದರು. ಒಂದರಲ್ಲಿ ನೂಲು ತೆಗೆಯುವ ಎರಡು ಚರಕ, ತಾಮ್ರದ ಹಂಡೆ. ಇನ್ನೊಂದರಲ್ಲಿ ಒಂದು ಚರಕ, ಕರೆಯುವ ಹಸು, ಮಂಚ. ಆರಿಸುವ ಸರದಿ ಅಕ್ಕಯಮ್ಮನ ಗಂಡ ನರಸಿಂಹಯ್ಯನದು. ಮಡಿಲಲ್ಲಿ ಎಳೆಗೂಸಿದ್ದ ಹೆಂಡತಿಯ ಮುಖವನ್ನು ಅವನು ನೋಡಿದ.

ಅಕ್ಕಯಮ್ಮನ ಮನಸ್ಸೆಲ್ಲ ಮಂಚದ ಮೇಲೇ ಇತ್ತು. ಆದರೆ ತಲೆ ಬೇರೆ ದಾರಿ ಹಿಡಿಯಿತು. ಮಂಚದ ಜೊತೆ ಹಸುವನ್ನೂ ಸೇರಿಸಿ ಪಾಪಕ್ಕ ಇಷ್ಟು ಸಲೀಸಾಗಿ ಇಟ್ಟಿದ್ದಾಳೆಂದರೆ ಇದರಲ್ಲೇನೋ ಮಸಲತ್ತಿದೆ. ಹಸುವಿಗೆ ರೋಗವಿರಬೇಕು, ಇಲ್ಲವೇ ಮಂಚಕ್ಕೆ ಗೆದ್ದಲು ಹಿಡಿದಿರಬೇಕು. ಕಣ್ಣಲ್ಲೇ ಸನ್ನೆ ಮಾಡಿದಳು. ನರಸಿಂಹಯ್ಯ ಹೋಗಿ ಹಂಡೆಯ ಮೇಲೆ ಕೈಯಿಟ್ಟ.

ಆ ಹಸು ಇನ್ನೂ ಆರು ಕರು ಹಾಕಿತು. ಗೆದ್ದಲು ಮಂಚದ ಹತ್ತಿರ ಸುಳಿಯಲಿಲ್ಲ.

ಮನೆಯ ನಡುವೆ ಗೋಡೆ ಎದ್ದಿತು. ಮಧ್ಯಾಹ್ನ ಊಟ ಮುಗಿಸಿ ಪಾಪಕ್ಕ ಮಂಚ ಹತ್ತಿದರೆ ಅದು ಕಿರ್ರೆನ್ನುವುದು ಈಚೆ ರೇಷ್ಮೆ ಗೂಡು ಬೇಯಿಸುತ್ತಿದ್ದ ಅಕ್ಕಯಮ್ಮನಿಗೆ ಕೇಳಿಸುತ್ತಿತ್ತು. ಮಹಾರಾಣಿ ಪವಡಿಸಿದಳು ಎಂದು ಗೊಣಗುತ್ತಾ ಬಿಸಿನೀರಿಗೆ ಕೈಯದ್ದುತ್ತಿದ್ದಳು. ಆ ಸಿಟ್ಟಿನಲ್ಲೇ ದುಡಿದಳು. ಎರಡು ಚರಕ ನಾಲ್ಕಾದವು, ಆಮೇಲೆ ನೂಲಿಗೆ ಹುರಿ ಹಾಕುವ ಮಿಷನ್ ಬಂದವು. ಗಂಡ ಹೋದ ಮೇಲೂ ಒಬ್ಬಳೇ ನಿಂತು ನಡೆಸಿದಳು. ಬೆಂಗಳೂರಿನಿಂದ ಡಬಲ್ ಕಾಟ್ ತರಿಸಿ, ಗೇಣು ದಪ್ಪದ ಹಾಸಿಗೆ ಹಾಕಿಸಿ, ತೋರಿಸಲೆಂದೇ ಪಾಪಕ್ಕನನ್ನು ಕರೆದಳು. ಪಾಪಕ್ಕ ಕೈಯಲ್ಲಿ ಒತ್ತಿ ನೋಡಿ, “ಚೆನ್ನಾಗೈತೆ ಕಣೇ, ಸುಖವಾಗಿ ಮಲಿಕ್ಕೋ” ಎಂದಳು. ಅವಳ ಮುಖ ಒಂದಿಷ್ಟಾದರೂ ಸಣ್ಣಗಾಗಬಾರದೇ? ಆಗಲಿಲ್ಲ. ಅಂದಿನಿಂದ ಆ ಹಾಸಿಗೆಯೂ ಅಕ್ಕಯಮ್ಮನ ಮೈಗೆ ಚುಚ್ಚತೊಡಗಿತು.

ಒಂದು ಸಲ ಪಾಪಕ್ಕ ಗಂಡ, ಮಗನ ಜೊತೆ ತವರಿಗೆ ಹೋಗುವಾಗ, ದೀಪ ಹಚ್ಚೆಂದು ಬೀಗದ ಕೈ ಕೊಟ್ಟುಹೋಗಿದ್ದಳು. ದೀಪ ಹಚ್ಚಿದ ಮೇಲೆ ಅಕ್ಕಯಮ್ಮ ಮಂಚದ ಅಂಚಿನ ಮೇಲೆ ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಮಲಗಿಬಿಡೋಣವೇ ಅನ್ನಿಸಿತು. ಕದ್ದು ಮಲಗಿದರೆ ಅದು ತನ್ನದಾದೀತೇ ಎಂದು ಎದ್ದು ಬಂದಳು.

ಹೋದ ವರ್ಷ ಪಾಪಕ್ಕನ ಮಗ ಅಮರ್ ತಮ್ಮ ಪಾಲಿನ ಮನೆ ಕೆಡವಿ ಹೊಸದು ಕಟ್ಟಲು ಹೊರಟ. ಒಂದು ಬೆಳಿಗ್ಗೆ ಪಾಪಕ್ಕ ತಾನೇ ಬಂದು ಅಕ್ಕಯಮ್ಮನ ಜಗಲಿಯ ಮೇಲೆ ಕೂತಳು.

“ಮಂಚ ಹೊಸ ರೂಮಿಗೆ ಹಿಡಿಸಲ್ವಂತೆ ಕಣೇ. ಬೆಟ್ಟದ ದಾರೀಲಿ ಯಾವ್ದೋ ರೆಸಾರ್ಟ್‌ನೋರು ಕೇಳ್ತಾವ್ರೆ. ನೀನಿಟ್ಕೋತೀಯಾ?”

ಅಕ್ಕಯಮ್ಮ ಉತ್ತರ ಕೊಡುವ ಮೊದಲೇ ಪಾಪಕ್ಕ ಮುಂದುವರಿಸಿದಳು. “ಭಾಗದ ದಿವ್ಸಾನೂ ನಿಂಗೇ ಅಂತ ಇಟ್ಟಿದ್ದೆ. ಹಸಿ ಬಾಣಂತಿ, ನೆಲದ ಮೇಲೆ ಮಲಗ್ತಾಳಲ್ಲ ಅಂತ. ಕೂಸಿಗೆ ಹಾಲಾಗ್ಲಿ ಅಂತ ಹಸೂನೂ ಸೇರಿಸ್ದೆ. ನಿನ್ ಗಂಡ ನೋಡಿದ್ರೆ ಹೋಗಿ ಹಂಡೆ ಹಿಡ್ಕಂಡ.”

ಹೊಟ್ಟೆಯೊಳಗಿನ ಕಿಚ್ಚು ತಣ್ಣಗಾಗಬೇಕಿತ್ತು. ಇನ್ನೂ ಭಗ್ಗೆಂದಿತು. ಇಷ್ಟು ವರ್ಷ ಮಂಚ ಅವಳದಾಗಿತ್ತು, ಈಗ ಒಳ್ಳೆಯತನವೂ ಅವಳದೇ ಆಯಿತಲ್ಲ! ತನಗೆ ಉಳಿದದ್ದೇನು, ಆ ಕಣ್ಸನ್ನೆಯೇ?

“ನಂಗ್ಯಾಕಕ್ಕ ಆ ಹಳೇ ಮಂಚ? ಹತ್ತಕ್ಕೆ ಮಂಡಿ ಬಿಡಲ್ಲ. ಬೇಡ.”

“ಸರಿ ಬಿಡು” ಎಂದು ಪಾಪಕ್ಕ ಎದ್ದಳು.

ಮೊದಲ ಸಲಕ್ಕೇ ಹ್ಞೂಂ ಎನ್ನುವವರು ಯಾರಿದ್ದಾರೆ? ಆ ಕಡೆ ಒಂದು ಲೋಟ ಕಾಫಿಗೂ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಕೈ ಚಾಚುತ್ತಾರೆ. ಪಾಪಕ್ಕ ಮತ್ತೆ ಬಂದೇ ಬರುತ್ತಾಳೆಂದು ಅಕ್ಕಯಮ್ಮ ಡಬಲ್ ಕಾಟ್ ಬಿಚ್ಚಿಸಿ ಮೂಲೆಗೆ ಒರಗಿಸಿದಳು. ಕೋಣೆ ಗುಡಿಸಿ ಸಾರಿಸಿದಳು. ಒಂದು ಎಳೆ ನೂಲು ಹಿಡಿದು ಬಾಗಿಲಿನ ಅಗಲ ಅಳೆದಳು. ಪಾಪಕ್ಕ ಬೀದಿಯಲ್ಲಿ ಸಿಕ್ಕಾಗಲೆಲ್ಲ ತಾನೇ ಮಾತು ಬೆಳೆಸಿದಳು. ಸೊಪ್ಪಿನ ಮಾತು ಬಂತು, ಸಿಮೆಂಟಿನ ಮಾತು ಬಂತು, ಮಂಚದ ಮಾತು ಬರಲಿಲ್ಲ.

ಹನ್ನೊಂದನೆಯ ದಿನ ಟೆಂಪೋ ಬಂತು. ಕಂಬಗಳನ್ನು ಒಂದೊಂದಾಗಿ ಬಿಚ್ಚಿ, ಗೋಣಿಚೀಲ ಸುತ್ತಿ ಏರಿಸಿದರು. ಪಾಪಕ್ಕ ಟೆಂಪೋ ಪಕ್ಕ ನಿಂತು ಈ ಕಡೆ ನೋಡಿದಳು. ಬಾಗಿಲಲ್ಲಿದ್ದ ಅಕ್ಕಯಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ತಿಂಗಳ ಮೇಲೆ ಒಂದು ಸಂಜೆ ಓರಗಿತ್ತಿಯರಿಬ್ಬರೂ ಜಗಲಿಯ ಮೇಲಿದ್ದಾಗ ಅಕ್ಕಯಮ್ಮನ ಮೊಮ್ಮಗಳು ಸಿಂಧು ಫೋನ್ ಹಿಡಿದು ಬಂದಳು. ರೆಸಾರ್ಟಿನವರು ಹಾಕಿದ್ದ ಫೋಟೊ. ಬಿಳಿ ಪರದೆ ಇಳಿಬಿಟ್ಟ ಮಂಚದ ಮೇಲೆ ಯಾವಳೋ ಹುಡುಗಿ ಶೂ ಕಳಚದೆ ಅಡ್ಡಡ್ಡ ಮಲಗಿ ನಗುತ್ತಿದ್ದಳು. ಅಕ್ಕಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಪಾಪಕ್ಕನನ್ನಾದರೆ ಹೆಸರು ಹಿಡಿದು ಬೈಯಬಹುದಿತ್ತು. ಇವಳು ಯಾರ ಮಗಳೋ, ಯಾವ ಊರಿನವಳೋ.

ಪಾಪಕ್ಕನೂ ಬಹಳ ಹೊತ್ತು ಫೋಟೊ ನೋಡಿದಳು. “ಬೇಕು ಅಂತ ಒಂದು ಮಾತು ಅನ್ಬಾರ್ದಿತ್ತೇನೇ?”

ನಲವತ್ತು ವರ್ಷದಲ್ಲಿ ಮೊದಲ ಸಲ ಅಕ್ಕಯಮ್ಮ ಓರಗಿತ್ತಿಯ ಮುಂದೆ ಅತ್ತುಬಿಟ್ಟಳು.

“ನೀನು ಇನ್ನೊಂದ್ಸಲ ಕೇಳ್ಬಾರ್ದಿತ್ತೇನಕ್ಕಾ?”